ಪದಕದ ಅಂಚಿನ ಹೆಸರು

ಬೆಳ್ಳಿಯ ಬೆಲೆಯನ್ನು ಬೀದರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ; ಬಿದರಿಯ ಕಪ್ಪು ಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸಿದ ಊರು ಅದು. ಆದರೂ ಚಿದ್ರಿ, ಭಾಲ್ಕಿ, ಔರಾದ್‌ಗಳ ಕಡೆ ಯಾರದೋ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಸೈನಿಕ ಪದಕವೊಂದು ದೊರೆತರೆ, ತಕ್ಕಡಿಗೆ ಹಾಕುವ ಮುನ್ನ ಅದರ ಅಂಚನ್ನು ಓದಬೇಕೆಂದು ನನ್ನ ಬಿನ್ನಹ.

ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧಪದಕವನ್ನೇ ನೋಡೋಣ. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆ; ಇನ್ನೊಂದರಲ್ಲಿ ಕುದುರೆ ಸವಾರ, ಜೊತೆಗೆ 1914, 1918 ಎಂಬ ಇಸವಿಗಳು. ಲಕ್ಷಾಂತರ ಪದಕಗಳಲ್ಲಿ ಇವು ಒಂದೇ ತೆರ. ಸೈನಿಕನ ಸಂಖ್ಯೆ, ದರ್ಜೆ, ಹೆಸರು, ದಳಗಳು ಅಚ್ಚಾಗಿರುವುದು ಅಂಚಿನಲ್ಲಿ. ಹೆಚ್ಚಿನವು ಬೆಳ್ಳಿಯವು, ಕೂಲಿದಳಗಳ ಅನೇಕರಿಗೆ ಸಂದದ್ದು ಕಂಚು. ಹೀಗೆ ಲೋಹವೂ ಅಂತಸ್ತನ್ನು ನುಡಿಯುತ್ತದೆ. ಸಂಗ್ರಾಹಕರು ಪದಕವನ್ನು ಉಜ್ಜಿ ಹೊಳೆಯಿಸಲಾಗದು. ಹೊಳಪು ಬಂದಷ್ಟೂ ಅಕ್ಷರ ಸವೆಯುತ್ತದೆ.

ಆಗ ಬೀದರ್ ನಿಜಾಮರ ಸೀಮೆ. ಅವರ ಹೈದರಾಬಾದ್ ಲ್ಯಾನ್ಸರ್ಸ್ ದಳವು ಮೈಸೂರು, ಜೋಧಪುರಗಳ ಸವಾರರೊಡನೆ ಒಂದೇ ಬ್ರಿಗೇಡಿನಲ್ಲಿ ಈಜಿಪ್ಟ್, ಪ್ಯಾಲೆಸ್ತೈನ್‌ಗಳಲ್ಲಿ ಸೇವೆ ಸಲ್ಲಿಸಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕೀರ್ತಿ ಮೈಸೂರು, ಜೋಧಪುರಗಳಿಗೆ ಸಂದಿತು. ಹೈದರಾಬಾದಿನ ಸವಾರರನ್ನು ನೆನೆಯುವವರು ವಿರಳ.

ಊರ ಬಾಗಿಲಲ್ಲಿ ವೀರಗಲ್ಲು ಬಿದ್ದಿದ್ದರೆ ನಾವು ಧೂಳೊರೆಸಿ ಓದುತ್ತೇವೆ. ಕಲ್ಲು ಸಿಗದ ಸಾಮಾನ್ಯ ಸೈನಿಕನಿಗೆ ಈ ಅಂಚೇ ಶಾಸನ. ಕರಗಿಸಿದರೆ ಎರಡು ತೊಲಕ್ಕೆ ಮಿಕ್ಕ ಬೆಳ್ಳಿ ಕೈಗೆ ಬಂದೀತು. ಹೆಸರು ಮರಳಿ ಬಾರದು.