ಊಟಕ್ಕೊಂದು ಮನೆ, ಓದಿಗೊಂದು ಮೂಲೆ

1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಡ ಹುಡುಗನೊಬ್ಬ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೊರಟ. ಸುಮಾರು 85 ಕಿಲೋಮೀಟರ್, ಎರಡು ದಿನದ ದಾರಿ. ಊರಿನಲ್ಲಿ ಹೈಸ್ಕೂಲು ಇರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಅವನಿಗೆ ಜಾಗ ಸಿಕ್ಕಿತು. ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಊಟ, ವಸತಿ ಸಿಕ್ಕಿತು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯನವರ ಬದುಕು ತಿರುಗಿದ್ದು ಹೀಗೆ. ಆ ನಿಲಯ ಇಲ್ಲದಿದ್ದರೆ ಅಷ್ಟು ದೂರ ನಡೆದದ್ದೂ ದಂಡವಾಗುತ್ತಿತ್ತು.

ಕರ್ನಾಟಕದ ಶಿಕ್ಷಣದ ಚರಿತ್ರೆಯನ್ನು ಶಾಲೆಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಶಾಲೆಯಿರುವ ಊರಿನಲ್ಲಿ ರಾತ್ರಿ ಎಲ್ಲಿ ಮಲಗಬೇಕು, ಯಾರ ಮನೆಯಲ್ಲಿ ಉಣ್ಣಬೇಕು ಎಂಬುದರಿಂದ ಆ ಕಥೆ ಹೇಳಿದರೆ ಬೇರೆಯೇ ಚಿತ್ರ ಕಾಣುತ್ತದೆ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗುವವರೆಗೆ ಆ ಭಾಗದವರಿಗೆ ಬಿ.ಎ. ಎಂದರೆ ಪುಣೆ, ಇಲ್ಲವೇ ಮುಂಬಯಿ. ಕವಿ ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿದ್ದು ಚಿಕ್ಕಪ್ಪನ ಆಸರೆಯಿಂದ. ಅಂಥ ಚಿಕ್ಕಪ್ಪ ಇಲ್ಲದವರ ಓದು ಮೆಟ್ರಿಕ್ಕಿಗೇ ನಿಲ್ಲುತ್ತಿತ್ತು.

ನೆಂಟರಿಲ್ಲದ ಬ್ರಾಹ್ಮಣ ಹುಡುಗರಿಗೆ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಏಳು ಮನೆ ಗೊತ್ತು ಮಾಡಿಕೊಂಡರೆ ವಾರ ಕಳೆಯಿತು. ಆ ದಿನದ ಮನೆಯವರು ಪರವೂರಿಗೆ ಹೋದರೆ ಅಂದು ಹೊಟ್ಟೆಗೆ ತಣ್ಣೀರು ಬಟ್ಟೆ. ಆರೇ ಮನೆ ಸಿಕ್ಕವರಿಗೆ ವಾರಕ್ಕೊಂದು ಉಪವಾಸ ಖಾಯಂ. ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯಲ್ಲಿ ಈ ಅನ್ನದ ಅನುಭವವಿದೆ. ಉಣ್ಣುವಾಗಿನ ಸಂಕೋಚ ಎಷ್ಟೇ ಇರಲಿ, ವಾರಾನ್ನ ಸಾವಿರಾರು ಮಕ್ಕಳನ್ನು ಓದಿಸಿತು. ಆದರೆ ಅಗ್ರಹಾರದ ಆ ಬಾಗಿಲು ಉಳಿದ ಜಾತಿಗಳ ಮಕ್ಕಳಿಗೆ ತೆರೆಯಲಿಲ್ಲ. ನಗರದಲ್ಲಿ ಅವರದೇ ಜನರ ಮನೆಗಳೂ ವಿರಳ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹುಟ್ಟಿದ ಸಮುದಾಯ ಸಂಘಗಳು ಪೇಟೆಯಲ್ಲಿ ವಿದ್ಯಾರ್ಥಿನಿಲಯ ಕಟ್ಟಲು ಹಣ ಎತ್ತಿದ್ದು ಈ ಕಾರಣಕ್ಕೇ. ಮಠಗಳೂ ಕೈಜೋಡಿಸಿದವು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ ಹಳ್ಳಿಯ ಮಕ್ಕಳಿಗೆ ಮನೆಯಾಯಿತು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿಯವರ ಕಾಲಕ್ಕೆ ಜಾತಿ ಕೇಳದೆ ಸುಮಾರು 10,000 ಮಕ್ಕಳಿಗೆ ಅನ್ನ, ಅಕ್ಷರ ಎರಡೂ ಸಿಗುತ್ತಿದ್ದವು. ಸಾಲಾಗಿ ಕುಳಿತ ಮಕ್ಕಳ ತಟ್ಟೆಗೆ ಬಿಸಿ ಮುದ್ದೆ ಬೀಳುವ ಆ ದಾಸೋಹವನ್ನು ಕಂಡವರು ಮರೆಯುವುದು ಕಷ್ಟ.

ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳ ದಾರಿ ಎಲ್ಲಕ್ಕಿಂತ ಕಠಿಣ. ಪೇಟೆಯಲ್ಲಿ ಅವರಿಗೆ ಬಾಡಿಗೆ ಕೋಣೆ ಕೂಡ ಸಿಗುತ್ತಿರಲಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಸ್ವಂತ ಜಾತಿಯವರ ಬಹಿಷ್ಕಾರಕ್ಕೂ ಜಗ್ಗದೆ ಈ ಮಕ್ಕಳಿಗಾಗಿ ಶಾಲೆ ತೆರೆದರು, ವಸತಿಯನ್ನೂ ಒದಗಿಸಿದರು. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಬದುಕನ್ನೇ ಕೊಟ್ಟವರು ಗೋಪಾಲಸ್ವಾಮಿ ಅಯ್ಯರ್. ಅವರ ಹೆಸರಿನ ಹಾಸ್ಟೆಲಿನಲ್ಲಿ ಓದಿಕೊಂಡು ಬೆಳೆದವರು ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯ. ಎಪ್ಪತ್ತರ ದಶಕದ ದಲಿತ ಚಳವಳಿಗೆ ಕಸುವು ತುಂಬಿದ ತರುಣರಲ್ಲಿ ಅನೇಕರು ಹಾಸ್ಟೆಲ್ ಹುಡುಗರು. ಹಳ್ಳಿಯಲ್ಲಿ ಒಬ್ಬೊಬ್ಬರೇ ನುಂಗಿಕೊಂಡಿದ್ದ ಅವಮಾನ ಅಲ್ಲಿ ಹತ್ತು ಜನರ ಮಾತಾಯಿತು. ಅದೇ ದಶಕದಲ್ಲಿ ದೇವರಾಜ ಅರಸರ ಸರ್ಕಾರ ಹಿಂದುಳಿದ ವರ್ಗಗಳ ಹಾಸ್ಟೆಲುಗಳನ್ನು ಹೆಚ್ಚಿಸಿತು.

ಈ ಕಥೆಯಲ್ಲಿ ಹೆಣ್ಣುಮಕ್ಕಳು ಬಹುಕಾಲ ಕಾಣುವುದೇ ಇಲ್ಲ. ವಾರಾನ್ನ ಗಂಡುಮಕ್ಕಳದು, ಮಠದ ನಿಲಯಗಳೂ ಬಹುಪಾಲು ಅವರವೇ. ಊರಿನಲ್ಲಿ ಶಾಲೆ ಮುಗಿದಲ್ಲಿಗೆ ಹುಡುಗಿಯ ಓದೂ ಮುಗಿಯಿತು. ಸರ್ಕಾರಿ ಬಾಲಕಿಯರ ಹಾಸ್ಟೆಲುಗಳು, ವಸತಿ ಶಾಲೆಗಳು ಬಂದ ಮೇಲೆ ಎಷ್ಟೋ ಅಪ್ಪ-ಅಮ್ಮಂದಿರು ಮಗಳನ್ನು ಕಳಿಸಲು ಧೈರ್ಯ ಮಾಡಿದರು.

ಹಾಸ್ಟೆಲಿನಲ್ಲಿ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ, ವಸತಿಗೆಂದು ಸರ್ಕಾರ 2013ರಲ್ಲಿ ‘ವಿದ್ಯಾಸಿರಿ’ ತಂದು ತಿಂಗಳಿಗೆ 1,500 ರೂಪಾಯಿ ಗೊತ್ತು ಮಾಡಿತು. ಆ ದುಡ್ಡಿನಲ್ಲಿ ಪೇಟೆಯ ಬಾಡಿಗೆ ಒಬ್ಬರಿಗೆ ಎಟುಕದು. ಮೂರ್ನಾಲ್ಕು ಮಂದಿ ಸೇರಿ ಒಂದು ಕೋಣೆ ಹಿಡಿಯುತ್ತಾರೆ, ಊರಿನಿಂದ ಅಕ್ಕಿ, ಉಪ್ಪಿನಕಾಯಿ ತರುತ್ತಾರೆ. ಅದೂ ಆಗದವರು ಬುತ್ತಿ ಕಟ್ಟಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಕಾಯುತ್ತಾರೆ.