ಆರನೇ ವರ್ಷದ ದವಡೆ ಹಲ್ಲು: ಹುಳುಕು ತಿರುಳಿಗೆ ಇಳಿದಾಗ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಕಬ್ಬಿನ ಸೀಮೆ. ಸಕ್ಕರೆ ಕಾರ್ಖಾನೆಗಳ ಜತೆಗೆ ಬೆಲ್ಲದ ಗಾಣಗಳೂ ಇಲ್ಲುಂಟು. ಹಾಗೆಂದು ಮಕ್ಕಳ ಹಲ್ಲಿನ ಹುಳುಕಿಗೆ ಕಬ್ಬನ್ನಷ್ಟೇ ದೂರುವುದು ಸರಿಯಲ್ಲ. ಬೆಲ್ಲ, ಬಿಸ್ಕತ್ತು, ಚಾಕೊಲೇಟ್, ಸಿಹಿ ಚಹಾ ಯಾವುದೇ ಇರಲಿ, ದಿನಕ್ಕೆ ಎಷ್ಟು ಬಾರಿ ಬಾಯಿಗೆ ಬೀಳುತ್ತದೆ ಎಂಬುದೇ ಮುಖ್ಯ. ಬಾಯಿಯ ಬ್ಯಾಕ್ಟೀರಿಯಾಗಳು ಸಿಹಿಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ.

ಶಾಶ್ವತ ಹಲ್ಲುಗಳ ಪೈಕಿ ಹೆಚ್ಚಾಗಿ ಹುಳುಕಿಗೆ ತುತ್ತಾಗುವುದು ಸುಮಾರು 6ನೇ ವಯಸ್ಸಿನಲ್ಲಿ ಹುಟ್ಟುವ ದವಡೆ ಹಲ್ಲು. ಯಾವ ಹಾಲುಹಲ್ಲೂ ಬೀಳದೆ, ಅವುಗಳ ಹಿಂದೆ ಸದ್ದಿಲ್ಲದೆ ಮೂಡುವ ಇದನ್ನು ಪಾಲಕರು ಹಾಲುಹಲ್ಲೆಂದೇ ಭಾವಿಸುವುದುಂಟು. ‘ಬಿದ್ದು ಬೇರೆ ಬರುತ್ತದೆ’ ಎಂಬ ಸಮಾಧಾನ ಇಲ್ಲಿ ದುಬಾರಿ. ಹೋದರೆ ಈ ಹಲ್ಲು ಮತ್ತೆ ಬಾರದು.

ಹುಳುಕು ಆಳಕ್ಕಿಳಿದಂತೆ ನರ, ರಕ್ತನಾಳಗಳಿರುವ ಒಳತಿರುಳು ಉರಿಯೂತಕ್ಕೆ ಒಳಗಾಗುತ್ತದೆ. ವೈದ್ಯರು ಇದನ್ನು ಪಲ್ಪೈಟಿಸ್ ಎನ್ನುತ್ತಾರೆ. ತಣ್ಣೀರೋ ಸಿಹಿಯೋ ತಾಗಿದಾಗ ಚುಳ್ಳೆಂದು ಕ್ಷಣದಲ್ಲೇ ನೋವು ಮಾಯವಾಗುವ ಹಂತದಲ್ಲಿ ಹುಳುಕು ತೆಗೆದು ತುಂಬಿಸಿದರೆ ತಿರುಳು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ನೋವು ತಾನಾಗಿ ಎದ್ದು ರಾತ್ರಿ ನಿದ್ದೆಗೆಡಿಸಿದರೆ ಉರಿಯೂತ ಬಲಿತಿದೆ ಎಂದರ್ಥ. ಲವಂಗದ ಎಣ್ಣೆ, ನೋವಿನ ಗುಳಿಗೆ ಕೆಲಹೊತ್ತಿನ ಶಮನ ನೀಡಿಯಾವು, ಹುಳುಕನ್ನು ತಡೆಯಲಾರವು. ಕೆಲವು ದಿನಗಳ ಬಳಿಕ ನೋವು ಒಮ್ಮೆಲೇ ನಿಂತರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ವಾಸ್ತವವಾಗಿ ಆಗ ತಿರುಳು ಸತ್ತಿರುವ ಸಾಧ್ಯತೆಯೇ ಹೆಚ್ಚು. ಮುಂದಿನ ಹಂತ ಬೇರಿನ ತುದಿಯಲ್ಲಿ ಕೀವು.

ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹಲ್ಲು ಮೂಡಿದ ನಂತರವೂ ಅದರ ಬೇರು ಬೆಳೆಯುತ್ತಿರುತ್ತದೆ. ಈ ದವಡೆ ಹಲ್ಲಿನ ಬೇರಿನ ತುದಿ ಪೂರ್ಣಗೊಳ್ಳುವುದು 9-10ನೇ ವಯಸ್ಸಿಗೆ. ಅಷ್ಟರೊಳಗೆ ತಿರುಳು ಸತ್ತರೆ ಬೇರು ಗಿಡ್ಡವಾಗಿ, ತೆಳುವಾಗಿ ಉಳಿದು ಹಲ್ಲು ಮುರಿಯುವ ಭಯವಿರುತ್ತದೆ. ಆದ್ದರಿಂದಲೇ ಸಾಧ್ಯವಿದ್ದಲ್ಲಿ ಮೇಲ್ಭಾಗದ ಕೆಟ್ಟ ತಿರುಳನ್ನಷ್ಟೇ ತೆಗೆದು, ಔಷಧಯುಕ್ತ ಸಿಮೆಂಟ್ ಹಾಕಿ ಬೇರಿನೊಳಗಿನ ತಿರುಳನ್ನು ಜೀವಂತವಾಗಿಡುವ ಪಲ್ಪಾಟಮಿಗೆ ವೈದ್ಯರು ಒಲವು ತೋರುತ್ತಾರೆ. ತಡವಾದಲ್ಲಿ ಉಳಿಯುವುದು ಹೆಚ್ಚು ಸಂಕೀರ್ಣವಾದ ಬೇರುನಾಳ ಚಿಕಿತ್ಸೆ, ಇಲ್ಲವೇ ಹಲ್ಲು ಕೀಳಿಸುವುದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಶಾಲಾ ಮಕ್ಕಳ ಆರೋಗ್ಯ ತಪಾಸಣೆಯಲ್ಲಿ ದಂತ ಸಮಸ್ಯೆಗಳೂ ಸೇರಿವೆ. ಜಿಲ್ಲಾ ಕೇಂದ್ರ ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯದ ಆಸ್ಪತ್ರೆಯಿದೆ. ಕೆನ್ನೆ ಊದಿ ಜ್ವರ ಬಂದಲ್ಲಿ, ಬಾಯಿ ತೆರೆಯಲು ಅಥವಾ ನುಂಗಲು ಮಗು ಕಷ್ಟಪಟ್ಟಲ್ಲಿ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.