ಹೊರಗಣ್ಣಿಗೆ ಕಂಡ ಮಾರ್ಮನ್ ಮತ

ಅಮೆರಿಕದ ಮಣ್ಣಿನಲ್ಲೇ ಹುಟ್ಟಿದ ಧರ್ಮಪಂಥಗಳ ಪೈಕಿ ಮಾರ್ಮನ್ ಪಂಥದಷ್ಟು ಬೇಗನೆ ಮತ್ತು ಅಷ್ಟು ದೀರ್ಘಕಾಲ ಖಂಡನೆಗೆ ಗುರಿಯಾದುದು ಬಹುಶಃ ಮತ್ತೊಂದಿಲ್ಲ. ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಸೀಮೆಯ ರೈತ ಕುಟುಂಬದ ಜೋಸೆಫ್ ಸ್ಮಿತ್ (1805–1844) ಅವರು, ಮೊರೋನಿ ಎಂಬ ದೇವದೂತ ತೋರಿಸಿಕೊಟ್ಟ ಚಿನ್ನದ ತಗಡುಗಳ ಮೇಲಿನ ಪುರಾತನ ಬರಹವನ್ನು ದೈವಶಕ್ತಿಯಿಂದ ಇಂಗ್ಲಿಷಿಗೆ ತಂದುದಾಗಿ ಹೇಳಿ, 1830ರ ಮಾರ್ಚ್ ತಿಂಗಳಲ್ಲಿ ‘ಮಾರ್ಮನ್ ಗ್ರಂಥ’ವನ್ನು ಅಚ್ಚು ಹಾಕಿಸಿದರು, ಅದರ 5000 ಪ್ರತಿಗಳ ಮುದ್ರಣಕ್ಕೆ ಬೇಕಾದ 3000 ಡಾಲರಿಗೆ ಮಾರ್ಟಿನ್ ಹ್ಯಾರಿಸ್ ಎಂಬ ಅನುಯಾಯಿ ತಮ್ಮ ಹೊಲವನ್ನೇ ಅಡವಿಟ್ಟರು. ಏಪ್ರಿಲ್ 6ರಂದು ಸಭೆ, ಎಂದರೆ ಚರ್ಚ್, ವಿಧಿವತ್ತಾಗಿ ಸ್ಥಾಪನೆಗೊಂಡಿತು. ಅಲ್ಲಿಂದ ಇಲ್ಲಿಯವರೆಗೆ ಈ ಪಂಥದ ಕುರಿತು ಹೊರಗಿನವರು ಬರೆದುದು ನ್ಯಾಯವೇ ಅನ್ಯಾಯವೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ದೊರೆಯುವುದಿಲ್ಲ. ಏಕೆಂದರೆ ಏನು ನಡೆಯಿತೆಂಬ ವಿಷಯದಲ್ಲಿ ಟೀಕಾಕಾರರು ಹಲವು ಸಲ ಸಭೆಗಿಂತ ಸತ್ಯಕ್ಕೆ ಹತ್ತಿರವಾಗಿದ್ದರು, ನಂಬಿದವರು ಏನನ್ನು ನಂಬಿದರು ಮತ್ತು ಏಕೆ ನಂಬಿದರು ಎಂಬ ವಿಷಯದಲ್ಲಿ ಮಾತ್ರ ಅವರು ಮತ್ತೆ ಮತ್ತೆ ಎಡವಿದರು.

ಖಂಡನೆಯ ಮೊದಲ ಮಾತು ಒಂದು ಕಡೆಯಿಂದಷ್ಟೇ ಬಂದುದಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಹದಿಹರೆಯದಲ್ಲಿ ತಮಗಾದ ದರ್ಶನದ ಬಗ್ಗೆ ಸ್ಮಿತ್ ಅವರು ಮುಂದೆ ಬರೆಸಿದ ವೃತ್ತಾಂತದಲ್ಲಿ, ಆಗಿದ್ದ ಎಲ್ಲ ಕ್ರೈಸ್ತ ಪಂಗಡಗಳೂ ದಾರಿ ತಪ್ಪಿವೆ, ಅವುಗಳ ವಿಶ್ವಾಸಪ್ರಮಾಣಗಳು ದೇವರಿಗೆ ಅಸಹ್ಯವಾಗಿವೆ ಎಂಬ ತೀರ್ಪಿದೆ. ನೆರೆಹೊರೆಯ ಪಾದ್ರಿಗಳು ಇದನ್ನು ಕೇಳಿ ಸುಮ್ಮನಿರುವುದು ಸಾಧ್ಯವಿರಲಿಲ್ಲ. 1831ರಲ್ಲಿ ಅಲೆಕ್ಸಾಂಡರ್ ಕ್ಯಾಂಪ್‌ಬೆಲ್ ಎಂಬ ಪ್ರಸಿದ್ಧ ಬೋಧಕರು ಹೊಸ ಗ್ರಂಥವನ್ನು ಆದ್ಯಂತ ಓದಿ ವಿಮರ್ಶೆ ಬರೆದರು. ಶಿಶುಗಳಿಗೆ ದೀಕ್ಷಾಸ್ನಾನ ಕೊಡಬಹುದೇ, ಚರ್ಚಿನ ಆಡಳಿತ ಹೇಗಿರಬೇಕು ಎಂಬಂಥ, ನ್ಯೂಯಾರ್ಕಿನಲ್ಲಿ ಹಿಂದಿನ ಹತ್ತು ವರ್ಷ ಚರ್ಚೆಯಾಗುತ್ತಿದ್ದ ಪ್ರಶ್ನೆಗಳಿಗೆಲ್ಲ ಸಾವಿರಾರು ವರ್ಷ ಹಳೆಯದೆನ್ನಲಾದ ಪುಸ್ತಕದಲ್ಲಿ ಉತ್ತರ ಹೇಗೆ ಬಂತೆಂಬುದು ಅವರ ಆಕ್ಷೇಪವಾಗಿತ್ತು. ಭಾಷೆ ಕಟುವಾಗಿದ್ದರೂ ಎದುರಿಗಿದ್ದ ಪಠ್ಯವನ್ನೇ ಹಿಡಿದು ವಾದಿಸಿದ ಕಾರಣ ಆ ವಿಮರ್ಶೆಗೆ ಇಂದಿಗೂ ಬೆಲೆಯಿದೆ. ನಂತರದ ಐವತ್ತು ವರ್ಷಗಳಲ್ಲಿ ಬಂದ ಹೆಚ್ಚಿನ ಬರಹಗಳಿಗೆ ಈ ಮಾತು ಅನ್ವಯಿಸದು.

1834ರಲ್ಲಿ ಓಹಾಯೋದ ಪೇನ್ಸ್‌ವಿಲ್ ಪಟ್ಟಣದ ಪತ್ರಿಕಾ ಸಂಪಾದಕ ಎಬರ್ ಹೋವ್ ಪ್ರಕಟಿಸಿದ ಪುಸ್ತಕ ಮಾರ್ಮನ್ ವಿರೋಧಿ ಸಾಹಿತ್ಯಕ್ಕೆಲ್ಲ ಮೂಲದ್ರವ್ಯವಾಯಿತು. ಅದರ ಸಾಮಗ್ರಿಯನ್ನು ಕಲೆಹಾಕಿದವರು ಫಿಲಾಸ್ಟಸ್ ಹರ್ಲ್‌ಬಟ್. ಹಿಂದಿನ ವರ್ಷವಷ್ಟೇ ದುರ್ನಡತೆಯ ಆರೋಪದ ಮೇಲೆ ಸಭೆಯಿಂದ ಹೊರಹಾಕಲ್ಪಟ್ಟು, ಸ್ಮಿತ್ ಅವರಿಗೆ ಬೆದರಿಕೆ ಹಾಕಿದರೆಂಬ ಕಾರಣಕ್ಕೆ ನ್ಯಾಯಾಲಯಕ್ಕೆ 200 ಡಾಲರಿನ ಮುಚ್ಚಳಿಕೆ ಬರೆದುಕೊಟ್ಟಿದ್ದವರು. ಹರ್ಲ್‌ಬಟ್ ಅವರು ಪಾಲ್ಮೈರಾ ಸುತ್ತಮುತ್ತ ತಿರುಗಿ, ಸ್ಮಿತ್ ಕುಟುಂಬವನ್ನು ಬಲ್ಲವರಿಂದ ಪ್ರಮಾಣ ಮಾಡಿಸಿದ ಹೇಳಿಕೆಗಳನ್ನು, ಎಂದರೆ ಅಫಿಡವಿಟ್ಟುಗಳನ್ನು, ಬರೆಸಿಕೊಂಡರು. ಒಂದು ಹೇಳಿಕೆಗಂತೂ ಪಾಲ್ಮೈರಾದ 51 ಮಂದಿ ಒಟ್ಟಿಗೆ ಸಹಿ ಹಾಕಿದ್ದರು. ಸ್ಮಿತ್ ಮನೆಯವರು ನೆಲದಡಿಯ ನಿಧಿ ಅಗೆಯುತ್ತಿದ್ದರು, ಬಾವಿ ತೋಡುವಾಗ ಸಿಕ್ಕ ವಿಚಿತ್ರ ಕಲ್ಲೊಂದನ್ನು ಟೋಪಿಯೊಳಗಿಟ್ಟು ಮುಖ ಹುದುಗಿಸಿ ಕಾಣದ ವಸ್ತುಗಳನ್ನು ಕಾಣುವುದಾಗಿ ಜೋಸೆಫ್ ಹೇಳುತ್ತಿದ್ದರು ಎಂಬುದು ಈ ಹೇಳಿಕೆಗಳ ತಿರುಳು. ಬೇರೆ ಬೇರೆ ಜನರ ಬಾಯಲ್ಲಿ ಒಂದೇ ಬಗೆಯ ಪದಪುಂಜಗಳು ಕಾಣಿಸಿಕೊಳ್ಳುವುದರಿಂದ ಹರ್ಲ್‌ಬಟ್ ಅವರ ಕೈವಾಡ ಇದ್ದಿರಬೇಕೆಂದು ಮಾರ್ಮನ್ ವಿದ್ವಾಂಸರು ಬಹುಕಾಲ ವಾದಿಸಿದರು, ಆ ವಾದದಲ್ಲಿ ಹುರುಳಿಲ್ಲದಿಲ್ಲ.

ಅದೇ ಪುಸ್ತಕದ ಇನ್ನೊಂದು ವಾದದ ಗತಿ ಬೇರೆಯಾಯಿತು. ಶಾಲೆ ಕಲಿಯದ ಹುಡುಗ ಸುಮಾರು ಆರುನೂರು ಪುಟಗಳ ಗ್ರಂಥ ಬರೆಯಲಾರನೆಂದು ತೀರ್ಮಾನಿಸಿಕೊಂಡ ಟೀಕಾಕಾರರಿಗೆ ತೆರೆಮರೆಯ ಲೇಖಕರೊಬ್ಬರು ಬೇಕಾಗಿದ್ದರು. 1816ರಲ್ಲಿ ತೀರಿಕೊಂಡಿದ್ದ ಸಾಲೊಮನ್ ಸ್ಪಾಲ್ಡಿಂಗ್ ಎಂಬುವರು ಆ ಸ್ಥಾನಕ್ಕೆ ಒದಗಿದರು. ಇವರು ಬರೆದಿಟ್ಟಿದ್ದ ಕಾದಂಬರಿಯೊಂದನ್ನು ಮುಂದೆ ಮಾರ್ಮನ್ ಮುಂದಾಳಾದ ಸಿಡ್ನಿ ರಿಗ್ಡನ್ ಹೇಗೋ ಪಡೆದು ಸ್ಮಿತ್ ಅವರಿಗೆ ಒದಗಿಸಿದರೆಂಬುದು ಕಥೆ. ಮಾರ್ಮನ್ ಗ್ರಂಥದ ಪಾತ್ರಗಳ ಹೆಸರುಗಳನ್ನು ಆ ಹಸ್ತಪ್ರತಿಯಲ್ಲಿ ಕೇಳಿದ್ದೆವೆಂದು ಸ್ಪಾಲ್ಡಿಂಗ್ ಅವರ ಬಂಧುಗಳೂ ನೆರೆಯವರೂ ಇಪ್ಪತ್ತು ವರ್ಷಗಳ ಬಳಿಕ ಸಾಕ್ಷಿ ನುಡಿದರು. ಹರ್ಲ್‌ಬಟ್ ಹಸ್ತಪ್ರತಿಯನ್ನು ಪತ್ತೆಹಚ್ಚಿ ಹೋವ್ ಅವರಿಗೆ ತಂದೂ ಕೊಟ್ಟರು. ಓದಿ ನೋಡಿದರೆ ಅದು ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದಲ್ಲಿ ಬ್ರಿಟನ್ನಿಗೆ ಹೊರಟ ರೋಮನ್ನರ ಹಡಗು ಬಿರುಗಾಳಿಗೆ ಸಿಕ್ಕಿ ಅಮೆರಿಕದ ದಡ ಸೇರಿದ ಕಥೆ, ಮಾರ್ಮನ್ ಗ್ರಂಥಕ್ಕೆ ಅದು ಹೊಂದುತ್ತಿರಲಿಲ್ಲ. ಹೋವ್ ಅವರು ಆ ಸಂಗತಿಯನ್ನು ಚುಟುಕಾಗಿ ಹೇಳಿ ದಾಟಿಸಿ, ಕಳೆದುಹೋದ ಇನ್ನೊಂದು ಹಸ್ತಪ್ರತಿ ಇದ್ದಿರಬೇಕೆಂದು ಊಹಿಸಿಬಿಟ್ಟರು. ಅವರ ಪತ್ರಿಕೆಯನ್ನು ಮುಂದೆ ಕೊಂಡುಕೊಂಡ ಲೂಯಿಸ್ ರೈಸ್ ಅವರ ಕಾಗದಪತ್ರಗಳ ಜತೆ ಆ ಹಸ್ತಪ್ರತಿ ಹವಾಯಿಯ ಹೊನೊಲುಲುವಿಗೆ ಹೋಗಿ, 1884ರಲ್ಲಿ ಗುಲಾಮಗಿರಿ ವಿರೋಧದ ದಾಖಲೆಗಳನ್ನು ಹುಡುಕುವಾಗ ಕೈಗೆ ಸಿಕ್ಕಿತು. ಓಬರ್ಲಿನ್ ಕಾಲೇಜಿನ ಅಧ್ಯಕ್ಷ ಜೇಮ್ಸ್ ಫೇರ್‌ಚೈಲ್ಡ್ ಅದನ್ನು ಮಾರ್ಮನ್ ಗ್ರಂಥದೊಡನೆ ಹೋಲಿಸಿ ಎರಡರ ನಡುವೆ ಸಾಮ್ಯವಿಲ್ಲವೆಂದು ಸಾರಿದರು, ಅವರು ಮಾರ್ಮನ್ನರಾಗಿರಲಿಲ್ಲ. ಅರ್ಧ ಶತಮಾನ ಉಪದೇಶಪೀಠಗಳಿಂದ ಸಾರಲಾದ ಸಂಗತಿ ಹೀಗೆ ಕುಸಿದುಬಿತ್ತಾದರೂ ಅದನ್ನು ಪುನರುಚ್ಚರಿಸುವವರು ಇಂದಿಗೂ ಇದ್ದಾರೆ.

ನಿಧಿ ಅಗೆತದ ಆರೋಪ ಮಾತ್ರ ಕುಸಿಯಲಿಲ್ಲ. 1826ರಲ್ಲಿ ಸ್ಮಿತ್ ಅವರು ಇದೇ ಕಸುಬಿನ ಕಾರಣಕ್ಕೆ ನ್ಯಾಯಾಧೀಶರ ಮುಂದೆ ನಿಂತಿದ್ದರೆಂಬ ವರದಿಯನ್ನು ಮಾರ್ಮನ್ ಪಕ್ಷದ ಬಹುಶ್ರುತ ವಾದಿ ಹ್ಯೂ ನಿಬ್ಲಿ 1961ರಲ್ಲಿ ತಳ್ಳಿಹಾಕುತ್ತ, ಅದು ನಿಜವಾಗಿದ್ದರೆ ಸ್ಮಿತ್ ಅವರಿಗೆ ಅದಕ್ಕಿಂತ ಹಾನಿಕರವಾದ ಸಾಕ್ಷ್ಯವಿರಲಾರದೆಂಬ ಅರ್ಥದ ಮಾತಾಡಿದ್ದರು. ಹತ್ತು ವರ್ಷಗಳ ತರುವಾಯ ವೆಸ್ಲಿ ವಾಲ್ಟರ್ಸ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿ ನ್ಯೂಯಾರ್ಕಿನ ನಾರ್ವಿಚ್ ಊರಿನ ಹಳೆಯ ಜೈಲಿನ ನೆಲಮಾಳಿಗೆಯಲ್ಲಿ ಆಲ್ಬರ್ಟ್ ನೀಲಿ ಎಂಬ ನ್ಯಾಯಾಧೀಶರ ಶುಲ್ಕದ ಬಿಲ್ಲನ್ನು ಕಂಡರು. ಗಾಜು ನೋಡಿ ಕಣಿ ಹೇಳುವ ಜೋಸೆಫ್ ಸ್ಮಿತ್ ಎಂಬ ಒಕ್ಕಣೆಯ ಎದುರು 2 ಡಾಲರ್ 68 ಸೆಂಟ್ ಎಂದು ಬರೆದಿತ್ತು. ಆಮೇಲೆ ನಡೆದುದು ಗಮನಾರ್ಹ. ಮಾರ್ಮನ್ ಇತಿಹಾಸಕಾರರು ದಾಖಲೆಯನ್ನು ಒಪ್ಪಿದರು. ಸ್ವತಃ ನಿಷ್ಠಾವಂತ ಸದಸ್ಯರೂ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಆದ ರಿಚರ್ಡ್ ಬುಷ್‌ಮನ್ 2005ರ ತಮ್ಮ ಸ್ಮಿತ್ ಜೀವನಚರಿತ್ರೆಯಲ್ಲಿ, ಆ ಕಾಲದ ಹಳ್ಳಿಗಾಡಿನಲ್ಲಿ ಬೈಬಲ್ ಭಕ್ತಿಯೂ ಮಾಟಮಂತ್ರವೂ ಒಂದೇ ಮನೆಯಲ್ಲಿ ಒಟ್ಟಿಗೆ ಬದುಕುತ್ತಿದ್ದವೆಂದು ತೋರಿಸಿಕೊಟ್ಟರು. 2015ರಲ್ಲಿ ಸಭೆಯೇ ಆ ಕಂದು ಬಣ್ಣದ, ಮೊಟ್ಟೆ ಗಾತ್ರದ ಕಲ್ಲಿನ ಛಾಯಾಚಿತ್ರವನ್ನು ಪ್ರಕಟಿಸಿತು. ಸೇಡಿನಿಂದ ಕಲೆಹಾಕಿದ ಸಾಕ್ಷ್ಯವೆಲ್ಲ ಸುಳ್ಳಾಗಿರಬೇಕೆಂಬ ನಿಯಮ ಇತಿಹಾಸದಲ್ಲಿಲ್ಲ.

ಬಹುಪತ್ನಿತ್ವದ ಪ್ರಕರಣ ಇದಕ್ಕಿಂತ ತೊಡಕಿನದು. 1835ರಲ್ಲಿ ಸಭೆ ಅಂಗೀಕರಿಸಿದ ಹೇಳಿಕೆಯ ಪ್ರಕಾರ ಗಂಡಿಗೆ ಒಬ್ಬಳೇ ಹೆಂಡತಿ. ಈ ಹೇಳಿಕೆ 1876ರವರೆಗೂ ಅವರ ಧರ್ಮಗ್ರಂಥದಲ್ಲಿ ಉಳಿದಿತ್ತು. ಅದು ಉಳಿದಿರುವಾಗಲೇ ಸ್ಮಿತ್ ಮತ್ತು ಅವರ ಆಪ್ತರು ಗುಟ್ಟಾಗಿ ಹಲವು ಮದುವೆಗಳನ್ನಾಗಿದ್ದರು. ಇಲಿನಾಯ್ ರಾಜ್ಯದ ನಾವೂ ನಗರದಲ್ಲಿ ಸಭೆಯಿಂದ ಸಿಡಿದವರು 1844ರ ಜೂನ್ 7ರಂದು ಹೊರತಂದ ಪತ್ರಿಕೆ ಇದನ್ನು ಬಯಲಿಗೆಳೆಯಿತು. ಮೂರು ದಿನಗಳಲ್ಲಿ ನಗರಸಭೆಯ ಆಜ್ಞೆಯಂತೆ ಅದರ ಮುದ್ರಣಯಂತ್ರ ಧ್ವಂಸವಾಯಿತು, ಆ ತಿಂಗಳ 27ರಂದು ಕಾರ್ತೇಜ್ ಜೈಲಿನಲ್ಲಿ ಸ್ಮಿತ್ ಅವರು ಉದ್ರಿಕ್ತ ಗುಂಪೊಂದರ ಗುಂಡಿಗೆ ಬಲಿಯಾದರು. ಅನುಯಾಯಿಗಳು ಬ್ರಿಗಮ್ ಯಂಗ್ ಅವರ ನೇತೃತ್ವದಲ್ಲಿ 1847ರಲ್ಲಿ ಯೂಟಾದ ಉಪ್ಪು ಸರೋವರದ ಕಣಿವೆ ಸೇರಿದ ಮೇಲೆ, 1852ರಲ್ಲಷ್ಟೇ ಈ ಆಚರಣೆಯನ್ನು ಬಹಿರಂಗವಾಗಿ ಒಪ್ಪಿಕೊಳ್ಳಲಾಯಿತು. ಹಾಗಿರುವಾಗ ಅದಕ್ಕೆ ಹಿಂದಿನ ಹತ್ತು ವರ್ಷ ಟೀಕಾಕಾರರು ಸುಳ್ಳು ಹಬ್ಬಿಸುತ್ತಿದ್ದಾರೆಂದು ಸಭೆ ದೂರಿದ್ದನ್ನು ಯಾವ ನ್ಯಾಯದಿಂದಲೂ ಸಮರ್ಥಿಸಲಾಗದು.

ಆದರೆ ನಡೆದುದನ್ನು ಬಲ್ಲ ಟೀಕಾಕಾರರು ಅದರೊಳಗಿನ ಜನರನ್ನು ಬಲ್ಲವರಾಗಿರಲಿಲ್ಲ. ಸೆರೆಸಿಕ್ಕ ಹೆಂಗಸರು, ಕೊಲೆಗಡುಕ ಹಿರಿಯರು, ರಾತ್ರಿಯ ಪಲಾಯನ ಇವೇ ಸಾಮಗ್ರಿಯಾದ ಕಾದಂಬರಿಗಳು ಎಷ್ಟೋ ಬಂದವು; ಷರ್ಲಾಕ್ ಹೋಮ್ಸ್ ಮೊದಲು ಕಾಣಿಸಿಕೊಂಡ 1887ರ ಕಥೆಯೂ ಅದೇ ಸರಕಿನಿಂದ ಕಟ್ಟಿದ್ದು. ಅದೇ ಯೂಟಾದಲ್ಲಿ ಹೆಂಗಸರಿಗೆ 1870ರಲ್ಲೇ ಮತದಾನದ ಹಕ್ಕು ದೊರೆತಿತ್ತು. ಅವರ ವಿಮೋಚನೆಗೆಂದು ಹೊರಟ ಸಂಸತ್ತು 1887ರ ಕಾಯ್ದೆಯಿಂದ ಅದನ್ನು ಕಿತ್ತುಕೊಂಡದ್ದು ಆ ಕಾಲದ ವಿಪರ್ಯಾಸಗಳಲ್ಲೊಂದು. 1860ರಲ್ಲಿ ಅಲ್ಲಿಗೆ ಹೋಗಿ ಮರುವರ್ಷ ಪುಸ್ತಕ ಬರೆದ ರಿಚರ್ಡ್ ಬರ್ಟನ್ ಅವರ ಚಿತ್ರಣ ಹೆಚ್ಚು ಸಮತೂಕದ್ದಾಗಿರುವುದಕ್ಕೆ, ಅವರು ಅಂದಿನ ಭಾರತದ ಸಿಂಧ್ ಪ್ರಾಂತದಲ್ಲೂ ಅರೇಬಿಯಾದಲ್ಲೂ ತಿರುಗಾಡಿ ಬಹುಪತ್ನಿತ್ವದ ಸಂಸಾರಗಳನ್ನು ಹತ್ತಿರದಿಂದ ಕಂಡಿದ್ದುದೇ ಕಾರಣವಿರಬೇಕು.

ಈ ಚಿತ್ರಣದ ದೋಷ ಕಾದಂಬರಿಗಳಿಗೆ ಸೀಮಿತವಾಗದೆ ನ್ಯಾಯಪೀಠವನ್ನೂ ಹೊಕ್ಕಿತು. ಜಾರ್ಜ್ ರೆನಾಲ್ಡ್ಸ್ ಎಂಬ ಮಾರ್ಮನ್ನರ ಮೇಲ್ಮನವಿಯನ್ನು 1879ರಲ್ಲಿ ತಳ್ಳಿಹಾಕಿದ ಅಮೆರಿಕದ ಸುಪ್ರೀಂ ಕೋರ್ಟು, ನಂಬಿಕೆಗೆ ರಕ್ಷಣೆಯುಂಟು, ಆಚರಣೆಗಿಲ್ಲ ಎಂದು ವಿಧಿಸುವಾಗ ಗಂಡನ ಚಿತೆ ಏರುವ ಹೆಂಡತಿಯ ಉದಾಹರಣೆ ಕೊಟ್ಟಿತಲ್ಲದೆ, ಬಹುಪತ್ನಿತ್ವವು ಏಷ್ಯಾ ಆಫ್ರಿಕಾಗಳ ಜನರ ಬಾಳಿನ ಲಕ್ಷಣವೆಂದೂ ಹೇಳಿತು. 1890ರ ಡೇವಿಸ್ ಪ್ರಕರಣ ಇನ್ನೂ ಮುಂದೆ ಹೋಯಿತು: ಐಡಾಹೊ ಪ್ರಾಂತದಲ್ಲಿ ಬಹುಪತ್ನಿತ್ವವನ್ನು ಬೋಧಿಸುವ ಸಂಸ್ಥೆಯ ಸದಸ್ಯನಾಗಿದ್ದರೆ ಸಾಕು, ಒಬ್ಬಳೇ ಹೆಂಡತಿಯಿದ್ದವನಿಗೂ ಮತ ಹಾಕುವ ಅಧಿಕಾರವಿರಲಿಲ್ಲ, ಅದನ್ನು ಎತ್ತಿಹಿಡಿದ ತೀರ್ಪು, ಸೃಷ್ಟಿಕರ್ತನೊಡನೆ ತನಗಿರುವ ಸಂಬಂಧದ ಬಗೆಗೆ ಮನುಷ್ಯ ತಳೆಯುವ ಭಾವನೆ ಮತ್ತು ಅದರಿಂದೊದಗುವ ಕರ್ತವ್ಯಗಳಷ್ಟೇ ಧರ್ಮ, ಪಂಥದ ಆರಾಧನಾ ಪದ್ಧತಿ ಬೇರೆ ಎಂದು ವ್ಯಾಖ್ಯಾನಿಸಿತು. ಕನ್ನಡ ನಾಡಿಗೂ ಈ ವ್ಯಾಖ್ಯಾನಕ್ಕೂ ನಂಟು ಬೆಳೆದದ್ದು ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ. ಮದರಾಸು ಸರ್ಕಾರದ ಧಾರ್ಮಿಕ ದತ್ತಿ ಕಾಯ್ದೆಯನ್ನು ಮಠದ ಸ್ವಾಮಿಗಳು ಪ್ರಶ್ನಿಸಿದಾಗ, 1954ರಲ್ಲಿ ಭಾರತದ ಸುಪ್ರೀಂ ಕೋರ್ಟಿನ ಪರವಾಗಿ ತೀರ್ಪು ಬರೆದ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿ ಅವರು ಡೇವಿಸ್ ಪ್ರಕರಣದ ವ್ಯಾಖ್ಯಾನವನ್ನು ಎತ್ತಿಕೊಂಡು, ಅದು ಖಚಿತವೂ ಅಲ್ಲ ಸಾಲದು ಕೂಡ ಎಂದರು. ದೇವರನ್ನೇ ಒಪ್ಪದ ಬೌದ್ಧ ಜೈನ ಧರ್ಮಗಳಿರುವ ದೇಶದಲ್ಲಿ, ವಿಧಿ ಪೂಜೆ ಉಡುಪು ಆಹಾರಗಳೂ ಧರ್ಮದ ಅಂಗವಾಗಬಲ್ಲವೆಂದು ನಿರ್ಣಯಿಸಿದರು. ಮಾರ್ಮನ್ನರನ್ನು ಅಳೆಯಲು ಬಳಸಿದ ಕೋಲು ಗಿಡ್ಡದಾಗಿತ್ತೆಂಬುದು ಪರದೇಶದ ಮಠವೊಂದರ ವ್ಯಾಜ್ಯದಲ್ಲಿ ಸ್ಪಷ್ಟವಾಯಿತು.

1890ರಲ್ಲಿ ಸಭೆಯ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಅವರ ಪ್ರಕಟಣೆಯಿಂದ ಬಹುಪತ್ನಿತ್ವ ಹಿಂದೆ ಸರಿಯತೊಡಗಿದ ಮೇಲೆ ಟೀಕೆಯ ನೆಲೆ ನಿಧಾನವಾಗಿ ಸಿದ್ಧಾಂತಕ್ಕೆ ಹೊರಳಿತು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ತತ್ತ್ವವೆಂಬ ಕ್ರೈಸ್ತ ತ್ರಿತ್ವವನ್ನು ಮಾರ್ಮನ್ನರು ಒಪ್ಪುವುದಿಲ್ಲ. ತಂದೆಯಾದ ದೇವರಿಗೆ ಮಾಂಸ ಮತ್ತು ಮೂಳೆಗಳ ದೇಹವಿದೆ, ಮನುಷ್ಯ ದೇವತ್ವಕ್ಕೆ ಬೆಳೆಯಬಲ್ಲ ಎಂಬುದು ಅವರ ಬೋಧನೆ. ಇದನ್ನು ಬೇರೆ ಧರ್ಮವೆನ್ನುವ ಹಕ್ಕು ಉಳಿದ ಕ್ರೈಸ್ತರಿಗಿದೆ, 2001ರಲ್ಲಿ ವ್ಯಾಟಿಕನ್ ಮಾರ್ಮನ್ ದೀಕ್ಷಾಸ್ನಾನ ಸಿಂಧುವಲ್ಲವೆಂದುದರಲ್ಲಿ ವಕ್ರೀಕರಣವೇನಿಲ್ಲ. 1982ರ ‘ದಿ ಗಾಡ್ ಮೇಕರ್ಸ್’ ಎಂಬ ಚಲನಚಿತ್ರ ಮಾತ್ರ ಅದೇ ನಂಬಿಕೆಯನ್ನು ಗ್ರಹಗಳ ಒಡೆತನದ ವ್ಯಂಗ್ಯಚಿತ್ರವಾಗಿಸಿತು. ಹತ್ತೊಂಬತ್ತನೆಯ ಶತಮಾನದ ಪ್ರವಚನಗಳನ್ನು ಹೆಕ್ಕಿ ಇಂದಿನ ಸಿದ್ಧಾಂತವೆಂದು ತೋರಿಸುವುದು ಇಂಥ ಪ್ರಚಾರದ ಹಳೆಯ ಕ್ರಮ. ಆದರೂ ಆದಮನೇ ದೇವರೆಂಬ ಅರ್ಥ ಬರುವಂತೆ ಬ್ರಿಗಮ್ ಯಂಗ್ 1852ರಲ್ಲಿ ಬೋಧಿಸಿದ್ದನ್ನು ಸಭೆಯ ಅಧ್ಯಕ್ಷರು ತಿರಸ್ಕರಿಸಿದ್ದು 1976ರಲ್ಲಿ ಎಂಬುದನ್ನು ನೋಡಿದರೆ, ಅಧಿಕೃತವಾದುದು ಯಾವುದೆಂದು ತಿಳಿಯದೆ ಹೊರಗಿನವರು ತಡವರಿಸಿದ್ದರಲ್ಲಿ ಅಚ್ಚರಿಯಿಲ್ಲ. ದೇವಾಲಯದ ವಿಧಿಗಳ ಗೋಪ್ಯತೆಯೂ ಅನುಮಾನಕ್ಕೆ ಎಡೆಕೊಟ್ಟಿದೆ. 2020ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನೆಲ ಅಗೆದ ದೇವಾಲಯದಂತೆಯೇ ಎಲ್ಲೆಡೆಯೂ ಪ್ರತಿಷ್ಠೆಯಾದ ಬಳಿಕ ಅರ್ಹ ಸದಸ್ಯರಿಗೆ ಮಾತ್ರ ಒಳಗೆ ಪ್ರವೇಶ.

ಟೀಕಾಕಾರರೆಲ್ಲರೂ ಒಂದೇ ಜಾತಿಯವರಲ್ಲವೆಂಬುದಕ್ಕೆ ಜೆರಾಲ್ಡ್ ಮತ್ತು ಸಾಂಡ್ರಾ ಟ್ಯಾನರ್ ದಂಪತಿಗಳೇ ಸಾಕ್ಷಿ. ಸಭೆ ತೊರೆದ ಇವರು ಸಾಲ್ಟ್ ಲೇಕ್ ನಗರದಲ್ಲಿ ಕುಳಿತು ಹಳೆಯ ದಾಖಲೆಗಳನ್ನು ಅಚ್ಚು ಹಾಕುತ್ತ ಸಭೆಯ ಕಟ್ಟಾ ವಿರೋಧಿಗಳೆನಿಸಿಕೊಂಡಿದ್ದರು. 1984ರಲ್ಲಿ ಮಾರ್ಕ್ ಹಾಫ್‌ಮನ್ ಎಂಬ ಹಳೆ ದಾಖಲೆಗಳ ವ್ಯಾಪಾರಿ ಮಾರಿದ, 1830ರದೆನ್ನಲಾದ ಪತ್ರವೊಂದು ಬೆಳಕಿಗೆ ಬಂತು. ಅದರಲ್ಲಿ ತಗಡುಗಳನ್ನು ಕಾಯುತ್ತಿದ್ದುದು ದೇವದೂತನಲ್ಲ, ಬಿಳಿಯ ಹಲ್ಲಿಯಂಥ ಪ್ರಾಣಿಯಿಂದ ರೂಪ ಬದಲಿಸಿಕೊಂಡ ಭೂತ ಎಂದಿತ್ತು. ಟ್ಯಾನರ್ ಅವರ ವಾದಕ್ಕೆ ಇದಕ್ಕಿಂತ ದೊಡ್ಡ ಬೆಂಬಲ ಬೇರೆ ಬೇಕಿರಲಿಲ್ಲ. ಆದರೆ ಅದರ ಮಾತುಗಳು ಹೋವ್ ಅವರ ಪುಸ್ತಕದ ಹೇಳಿಕೆಗಳನ್ನು ತೀರ ಹೋಲುತ್ತವೆಂದು ಕಂಡ ಜೆರಾಲ್ಡ್, ನುರಿತ ಪರೀಕ್ಷಕರು ಒಪ್ಪುತ್ತಿದ್ದ ಕಾಲದಲ್ಲೇ ತಮ್ಮ ಅನುಮಾನವನ್ನು ಪ್ರಕಟಿಸಿದರು. ಮರುವರ್ಷ ಗುಟ್ಟು ರಟ್ಟಾಗುವ ಭಯದಿಂದ ಹಾಫ್‌ಮನ್ ಇಟ್ಟ ಬಾಂಬುಗಳಿಗೆ ಇಬ್ಬರು ಸತ್ತರು. 1987ರಲ್ಲಿ ಆತ ತಪ್ಪೊಪ್ಪಿಕೊಂಡ ಮೇಲೆ ಪತ್ರ ಕೃತಕವೆಂಬುದು ಖಚಿತವಾಯಿತು. ‘ದಿ ಗಾಡ್ ಮೇಕರ್ಸ್’ ಮಂದಿಯ ಉತ್ಪ್ರೇಕ್ಷೆಗಳನ್ನು ಟ್ಯಾನರ್ ದಂಪತಿಗಳು ಬಹಿರಂಗವಾಗಿ ಆಕ್ಷೇಪಿಸಿದ್ದೂ ಉಂಟು.

ಸಭೆಯ ಮೌನವೂ ಈ ನಡುವೆ ಕರಗಿದೆ. 2013ರಿಂದ 2015ರವರೆಗೆ ಅದು ಪ್ರಕಟಿಸಿದ ಪ್ರಬಂಧಗಳು, ಸ್ಮಿತ್ ಅವರು ಮದುವೆಯಾದ ಹೆಂಗಸರ ಸಂಖ್ಯೆ 30ರಿಂದ 40ರಷ್ಟಿರಬಹುದೆಂಬುದನ್ನೂ, ಅವರಲ್ಲೊಬ್ಬರಿಗೆ ಹದಿನೈದು ತುಂಬಿರಲಿಲ್ಲವೆಂಬುದನ್ನೂ, ‘ಅಬ್ರಹಾಮನ ಗ್ರಂಥ’ಕ್ಕೆ ಸಂಬಂಧಿಸಿದ ಈಜಿಪ್ಟಿನ ಪಪೈರಸ್ ತುಣುಕುಗಳ ಬರಹ ಸ್ಮಿತ್ ಅವರ ಅನುವಾದಕ್ಕೆ ಹೊಂದುವುದಿಲ್ಲವೆಂಬುದನ್ನೂ ಒಪ್ಪಿಕೊಂಡವು. ಇವುಗಳಲ್ಲಿ ಹೆಚ್ಚಿನವನ್ನು ಫಾನ್ ಬ್ರೋಡಿ ಎಂಬ ಲೇಖಕಿ 1945ರಲ್ಲೇ ಚರ್ಚಿಸಿ, ಮರುವರ್ಷ ಸಭೆಯಿಂದ ಬಹಿಷ್ಕೃತರಾಗಿದ್ದರು.

ಎದುರು ಪಾಳಯದಿಂದ ಬಂದ ಒಪ್ಪಿಗೆ ಸಭೆಯ ಈ ಪ್ರಬಂಧಗಳಿಗೂ ಮುಂಚಿನದು. 2004ರ ನವೆಂಬರಿನಲ್ಲಿ ಫುಲ್ಲರ್ ದೈವಶಾಸ್ತ್ರ ವಿದ್ಯಾಲಯದ ಅಧ್ಯಕ್ಷ ರಿಚರ್ಡ್ ಮೌ ಅವರು ಸಾಲ್ಟ್ ಲೇಕ್ ನಗರದ ಮಾರ್ಮನ್ ಸಭಾಮಂದಿರದಲ್ಲಿ ನಿಂತು, ತಮ್ಮ ಇವಾಂಜೆಲಿಕಲ್ ಬಳಗದವರು ಮಾರ್ಮನ್ನರ ನಂಬಿಕೆಗಳನ್ನು ತಪ್ಪಾಗಿ ಬಣ್ಣಿಸಿ ಪಾಪ ಮಾಡಿದ್ದಾರೆಂದು ಕ್ಷಮೆ ಕೇಳಿದರು. ಯೂಟಾದ ಕೆಲವು ಇವಾಂಜೆಲಿಕಲ್ಲರು ತಮ್ಮನ್ನು ಕೇಳದೆ ತಮ್ಮ ಪರವಾಗಿ ತಪ್ಪೊಪ್ಪಿಕೊಂಡರೆಂದು ಸಿಟ್ಟಾದರು. ಮೌ ಅವರು ಮಾರ್ಮನ್ ಸಿದ್ಧಾಂತದಲ್ಲಿ ತಮಗೆ ಒಪ್ಪಿಗೆಯಾಗದುದು ಬಹಳವಿದೆಯೆಂಬ ನಿಲುವನ್ನು ಬಿಡದೆ, ಒಪ್ಪದಿರುವುದಕ್ಕೆ ಮುನ್ನ ಅದನ್ನು ಸರಿಯಾಗಿ ಹೇಳಬೇಕೆಂಬುದನ್ನಷ್ಟೇ ಪಟ್ಟುಹಿಡಿದು ಮಾರ್ಮನ್ ವಿದ್ವಾಂಸರೊಡನೆ ಸಂವಾದವನ್ನು ಮುಂದುವರಿಸಿದರು.